ಅಮ್ಮಾ, ಒಲೆ ಮೇಲೆ ಏನಿದೆ?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸೆಕೊಂಡಿ ಬಂದರಿನ ಕಡೆಯಿಂದ ಮೀನು ಹೊಗೆಗಿಟ್ಟ ವಾಸನೆ ಬರುತ್ತಿದೆ. ಸೀ ವ್ಯೂ ಟಾಕೀಸಿನ ಹಿಂದಿನ ಕೋಣೆಯಲ್ಲಿ ಎಬೋ ಅಕೋನ್ ಚಾಪೆಯ ಮೇಲೆ ಅಂಗಾತ ಮಲಗಿ ಸಾಯುವ ತಯಾರಿ ನಡೆಸಿದ್ದಾರೆ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವರ ಕೆನ್ನೆಗೆ ಬೂದಿಬಣ್ಣದ ಪೌಡರ್ ಬಳಿಯುತ್ತಿರುವವರು ಮಾಮೆ ಅರಬಾ. ಈ ಕೇರಿಯಲ್ಲಿ ಯಾರೇ ಸತ್ತರೂ ಮೈ ತೊಳೆದು, ಬಟ್ಟೆ ಉಡಿಸಿ, ನೋಡಬಂದವರ ಮುಂದೆ ಚೆಂದಗಾಣಿಸಿ ಮಲಗಿಸುವುದು ಅವರ ಕೆಲಸ. ಸಿನಿಮಾದವರು ಅಕ್ರಾದಿಂದ ಕರೆತಂದ ಮೇಕಪ್ ಹುಡುಗಿಯ ಕೈಯಲ್ಲಿ ಸಾವು ಸರಿಯಾಗಿ ಮೂಡಲಿಲ್ಲವೆಂದು ನಿನ್ನೆ ಸಂಜೆ ಮಾಮೆಗೆ ಹೇಳಿಕಳಿಸಿದ್ದರು.

"ಉಸಿರು ಮೆಲ್ಲಗೆ ಬಿಡು ಕೋಬಿ. ಹೊಟ್ಟೆ ಮೇಲೆ ಕೆಳಗೆ ಆಗ್ತಿದೆ," ಎಂದು ಮಾಮೆ ಎಬೋ ಅವರನ್ನು ಹಳೆಯ ಆಟದ ಹೆಸರಿನಿಂದ ಕರೆದು ಗದರುತ್ತಾರೆ.

"ಹಸಿವು ಕಣೆ ಅರಬಾ. ಹೆಣದ ಹೊಟ್ಟೆ ಉಬ್ಬಬಾರದು ಅಂತ ಗಂಜಿನೂ ಕೊಟ್ಟಿಲ್ಲ ಇವರು."

"ಬಾಯಿ ಮುಚ್ಚು, ತುಟಿಗೆ ಬಣ್ಣ ಹಚ್ಚಬೇಕು. ನನ್ನ ಕೈಗೆ ಬಂದೋರು ಯಾರೂ ಇಷ್ಟು ಮಾತಾಡಿಲ್ಲಪ್ಪ."

"ಅವರಿಗೆಲ್ಲ ಡೈಲಾಗ್ ಇರಲಿಲ್ಲ."

"ನಿನಗೂ ಇಲ್ಲ," ಎಂದು ಮಾಮೆ ಹತ್ತಿಯನ್ನು ಉಂಡೆ ಮಾಡಿ ಅವರ ಮೂಗಿಗೆ ಇಡುತ್ತಾರೆ. ಅಂದ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಎಬೋ ಸೂರು ನೋಡುತ್ತಾ ಮಲಗಿದ್ದಾರೆ.

ಕೋಣೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ 'ಹೆಣ' ಎಂದು ಬರೆದಿದೆ. ಪಕ್ಕದ ಕೋಣೆಯ ಬಾಗಿಲಿಗೆ ನಾಯಕನಟನ ಹೆಸರು ಅಚ್ಚು ಹಾಕಿಸಿದ ಹಾಳೆ, ಮೇಲೆ ಎರಡು ಬಂಗಾರದ ನಕ್ಷತ್ರ. ಈ ಹೆಣಕ್ಕೂ ಒಂದು ಹೆಸರಿರಬಹುದು ಎಂದು ಯಾರಿಗೂ ಹೊಳೆದಿಲ್ಲ. ನಿರ್ದೇಶಕ ರಿಚ್ಮಂಡ್ ಟೆಟ್ಟೆ ಇವರನ್ನು 'ಲೆಜೆಂಡ್' ಎನ್ನುತ್ತಾರೆ. ಬಂದಾಗ "ಗುಡ್ ಮಾರ್ನಿಂಗ್ ಲೆಜೆಂಡ್", ದಾಟಿ ಹೋಗುವಾಗ "ಸ್ವಲ್ಪ ಕಾಲು ಮಡಚಿ ಲೆಜೆಂಡ್". ಎದುರಿಗಿರುವ ಮನುಷ್ಯನ ಹೆಸರು ಗೊತ್ತಿಲ್ಲದ ನಾಚಿಕೆಯನ್ನು ಮುಚ್ಚಿಕೊಳ್ಳಲು ಇಷ್ಟು ಅನುಕೂಲವಾದ ಪದ ಇನ್ನೊಂದಿಲ್ಲ.

ಹೆಸರು ಎಬೋ ಅಕೋನ್. ವಯಸ್ಸು ಎಪ್ಪತ್ತೆಂಟು. ಕಾನ್ಸರ್ಟ್ ಪಾರ್ಟಿ ಎಂಬ ನಾಟಕ ಕಂಪನಿಗಳು ಊರೂರು ತಿರುಗುತ್ತಿದ್ದ ಕಾಲದಲ್ಲಿ ರಾತ್ರಿಯಿಡೀ ಕೂತು ಆಟ ನೋಡಿದವರಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ಅವರಿಗೆ ಗೊತ್ತಿರುವುದು ಬಾಬ್ ಕೋಬಿ. ಆಟದಲ್ಲಿ ನಗಿಸುವವನು ಯಾವ ಕಂಪನಿಯವನಾದರೂ ಅವನು ಬಾಬ್. ಕೋಬಿ ಎಂದರೆ ಉಪ್ಪು ಹಾಕಿ ಬಿಸಿಲಿಗೆ ಒಣಗಿಸಿದ ಮೀನು. ಮೈಮೇಲೆ ಮೂಳೆ ಬಿಟ್ಟರೆ ಇನ್ನೇನೂ ಇರದ ಹುಡುಗನಿಗೆ ಕಂಪನಿಯ ಯಜಮಾನರು ಇಟ್ಟ ಹೆಸರದು. ಮೈ ಇವತ್ತಿಗೂ ಹಾಗೇ ಇದೆ.

ಈಗ ತೆಗೆಯುತ್ತಿರುವ ಸಿನಿಮಾ ಕಾನ್ಸರ್ಟ್ ಪಾರ್ಟಿಗಳ ಕಥೆಯೇ. ಕಥಾನಾಯಕ ಒಬ್ಬ ಬಾಬ್. ಅವನ ಮುಖದ ಮಸಿ, ತುಟಿಯ ಸುತ್ತ ಬಳಿದ ಬಿಳಿ, ಮೊಣಕಾಲಿನವರೆಗೆ ಮಡಿಸಿದ ಪ್ಯಾಂಟು, ಒಂದು ಕಾಲು ಮುಂದೆ ಹೋಗಲು ಒಪ್ಪದಂಥ ನಡಿಗೆ, ಕೊನೆಗೆ ಬರುವ ಹಸಿದವನ ದೃಶ್ಯ, ಎಲ್ಲವೂ ಕೋಬಿಯದು. ಅದನ್ನು ಆಡುವವರು ಮಾತ್ರ ಅಕ್ರಾದ ರೇಡಿಯೋದಲ್ಲಿ ಬೆಳಿಗ್ಗೆ ನಗಿಸುವ ಕ್ವಬೆನಾ ಡಾರ್ಕೋ. ಕೋಬಿಯ ಪಾಲಿಗೆ ಬಂದಿರುವುದು ನಾಯಕನ ಗುರುವಿನ ಹೆಣ. ಬದುಕಿರುವ ಮನುಷ್ಯನ ಬದುಕನ್ನು ಬಿಚ್ಚಿ ಇನ್ನೊಬ್ಬರಿಗೆ ತೊಡಿಸಿ, ಅವನ ಮೂಗಿಗೆ ಹತ್ತಿ ತುರುಕಿ ಮಲಗಿಸುವ ಈ ಏರ್ಪಾಡನ್ನು ಪತ್ರಿಕೆಗಳು 'ಹಿರಿಯ ಕಲಾವಿದರಿಗೆ ಗೌರವಾರ್ಪಣೆ' ಎಂದು ಬರೆದಿವೆ.

ಎಬೋ ಮೊದಲ ಸಲ ಬಣ್ಣ ಹಚ್ಚಿದ್ದು ಹದಿನಾರನೇ ವಯಸ್ಸಿನಲ್ಲಿ, ಹೆಣ್ಣುವೇಷಕ್ಕೆ. ಅಪ್ಪ ಇಲ್ಲಿನ ರೈಲ್ವೆ ಶೆಡ್ಡಿನಲ್ಲಿ ಇಂಜಿನ್ ತೊಳೆಯುತ್ತಿದ್ದರು, ಮಗನಿಗೂ ಅಲ್ಲೇ ಒಂದು ಬಕೆಟ್ಟು ಕಾಯುತ್ತಿತ್ತು. ಮಗ ಅದನ್ನು ಬಿಟ್ಟು ಮಾಸ್ಟರ್ ಕ್ವಾನ್ಸಾ ಅವರ ಕಂಪನಿ ಲಾರಿ ಹತ್ತಿದರು. ಆ ಮಾಸ್ಟರ್, ಹಡಗಿನಲ್ಲಿ ಬಂದಿಳಿದ ವಾಡೆವಿಲ್ ಆಟಗಾರರ ಹಾಡು, ಕುಣಿತ, ನಗೆತುಣುಕುಗಳನ್ನು ಚಿಕ್ಕಂದಿನಲ್ಲಿ ಕಿಟಕಿಯಿಂದ ನೋಡಿ ಕಲಿತವರು. ಅದಕ್ಕೆ ನಮ್ಮ ಫಾಂಟಿ ಮಾತು, ಹೈಲೈಫ್ ಹಾಡು, ಮಲತಾಯಿ ಕಾಟ, ಹೆಂಡಕುಡುಕ ಗಂಡ ಎಲ್ಲ ಸೇರಿಸಿ ಬೆಳಗಿನ ಜಾವದವರೆಗೆ ನಡೆಯುವ ಆಟ ಕಟ್ಟಿದ್ದರು. ಕಂಪನಿಯಲ್ಲಿ ಹೆಂಗಸರಿಲ್ಲದ್ದರಿಂದ ಮೀಸೆ ಬರದ ಹುಡುಗರೇ ಅತ್ತೆ, ಸೊಸೆ, ಸೂಳೆ ಎಲ್ಲ ಆಗಬೇಕಿತ್ತು.

"ಆಕ್ಸಿಮ್‌ನಲ್ಲಿ ಒಬ್ಬ ತೆಂಗಿನಕಾಯಿ ಸಾಹುಕಾರ ನನ್ನ ನೋಡಿ ಮರುಳಾಗ್ಬಿಟ್ಟಿದ್ದ," ಎಂದು ಎಬೋ ನೆನೆಯುತ್ತಾರೆ. "ಬೆಳಿಗ್ಗೇನೇ ಜಿನ್ ಬಾಟ್ಲಿ ಹಿಡ್ಕೊಂಡು, ಜೊತೇಲಿ ಇಬ್ಬರು ಹಿರಿಯರನ್ನ ಕರ್ಕೊಂಡು, ಶಾಸ್ತ್ರೋಕ್ತವಾಗಿ ಹೆಣ್ಣು ಕೇಳೋಕೆ ಬಂದ. ನಾನು ಬನಿಯನ್ ಹಾಕ್ಕೊಂಡು ಬಾವಿಕಟ್ಟೇಲಿ ಹಲ್ಲುಜ್ಜುತ್ತಿದ್ದೆ. ಮಾಸ್ಟರ್ ನನ್ನ ಕಡೆ ಕೈ ತೋರ್ಸಿದ್ರು. ಪಾಪ, ಬಾಟ್ಲಿ ಅಲ್ಲೇ ಇಟ್ಟು ಹೋದ. ನಾವು ಕುಡಿದ್ವಿ."

ಗಂಟಲು ಒಡೆದ ಮೇಲೆ ಅವರು ಬಾಬ್ ಆದರು. ಮರದ ಮೈಯ ಲಾರಿಯಲ್ಲಿ ಪರದೆ, ತಮಟೆ, ಪೆಟ್ರೋಮ್ಯಾಕ್ಸ್ ದೀಪಗಳ ಮೇಲೆ ಕೂತು ಕೋಕೋ ತೋಟದ ಊರುಗಳಿಂದ ಗಣಿ ಊರುಗಳಿಗೆ, ಅಲ್ಲಿಂದ ಕರಾವಳಿಗೆ ಅಲೆದರು. ಮಳೆಗೆ ದಾರಿ ಕೊಚ್ಚಿಹೋದರೆ ಲಾರಿ ತಳ್ಳಿದರು. ತಳ್ಳುವಾಗ ಜಾರಿಬಿದ್ದು ಬಲಮಂಡಿ ನೆಟ್ಟಗಾಗಲೇ ಇಲ್ಲ. ಜನ ನೋಡಿ ಬಿದ್ದು ಬಿದ್ದು ನಗುವ ಆ ನಡಿಗೆ ಅಲ್ಲಿಂದ ಬಂದದ್ದು. ನೋವು ಈಗಲೂ ಇದೆ, ತಣ್ಣನೆಯ ಗಾಳಿ ಬೀಸಿದರೆ ಜಾಸ್ತಿ.

ಬಾಬ್‌ನ ವಿದ್ಯೆ ಏನೆಂದು ಕೇಳಿದರೆ ಎಬೋ ಒಂದೇ ಮಾತು ಹೇಳುತ್ತಾರೆ. ಜಾಗ ಬಿಡುವುದು. "ಅರ್ಧ ಮಾತು ನಂದು, ಅರ್ಧ ಜನರದು. ನನ್ನ ಅರ್ಧ ಹೇಳಿ ಸುಮ್ನಾಗ್ಬೇಕು. ಆ ಜಾಗದಲ್ಲಿ ಜನ ಕೂಗ್ತಾರೆ, ಬೈತಾರೆ, ಯಾವಳೋ ಒಬ್ಬಳು ಎದ್ದುನಿಂತು ನನ್ನ ಮಾನ ಮೂರು ಕಾಸಿಗೆ ಹರಾಜು ಹಾಕ್ತಾಳೆ. ಅದನ್ನ ಕೇಳಿಸ್ಕೊಂಡು ನಾನು ವಾಪಸ್ ಕೊಡ್ಬೇಕು. ಜಾಗ ಬಿಡದೆ ಒಂದೇ ಉಸಿರಿಗೆ ಒದರ್ಕೊಂಡು ಹೋಗೋನು ಬಾಬ್ ಅಲ್ಲ, ಪಾದ್ರಿ."

ಹಸಿದವನ ದೃಶ್ಯವಿಡೀ ನಿಂತಿರುವುದು ಆ ಜಾಗದ ಮೇಲೆ. ತಾಯಿ ಸತ್ತ ಬಾಬ್ ಚಿಕ್ಕಮ್ಮನ ಮನೆ ಬಾಗಿಲಿಗೆ ಸರಿಯಾಗಿ ಅಡುಗೆ ಹೊತ್ತಿಗೆ ಬಂದು ನಿಂತು "ಅಮ್ಮಾ, ಒಲೆ ಮೇಲೆ ಏನಿದೆ?" ಎಂದು ಕೂಗುತ್ತಾನೆ. ಚಿಕ್ಕಮ್ಮನ ಪರವಾಗಿ ಉತ್ತರ ಕೊಡುವವರು ನೋಡಬಂದ ಜನ. ಒಂದೊಂದು ಊರಿಗೆ ಒಂದೊಂದು ಬೈಗುಳ. ಸೆಕೊಂಡಿಯ ಉತ್ತರ ಮೊದಲಿನಿಂದಲೂ "ನಿನ್ನಪ್ಪನ ಟೋಪಿ!" ಅದಕ್ಕೆ ಕೋಬಿ ತಟ್ಟೆ ಚಾಚಿ, "ಹಾಗಾದ್ರೆ ಒಂದು ಸೌಟು ಸಾರು ಹಾಕಮ್ಮಾ. ಅಪ್ಪನ ಬೆವರು ಇಳಿದಿರುತ್ತೆ, ಉಪ್ಪು ಬೇರೆ ಬೇಡ," ಎನ್ನುತ್ತಾರೆ. ಹೀಗೆ ಬೈಸಿಕೊಂಡು ಬೈಸಿಕೊಂಡು, ಮೂರನೇ ಸಲ ಕೇಳುವಾಗ ದನಿ ಇಳಿಯುತ್ತದೆ. ಆಗ ಯಾರೂ ಬೈಯುವುದಿಲ್ಲ. ಕಾಲು ಸೋತು ಕೂತು ಸತ್ತ ತಾಯಿಯ ಮೇಲೆ ಹಾಡುತ್ತಾರೆ. ಇಷ್ಟು ಹೊತ್ತು ಬೈದ ಹೆಂಗಸರೇ ಕಣ್ಣೊರೆಸಿಕೊಂಡು ರಂಗ ಹತ್ತುತ್ತಾರೆ. ಮಡಿಲಿನಿಂದ ಮೆಕ್ಕೆಜೋಳದ ಹಿಟ್ಟಿನ ಕೆಂಕಿ ಉಂಡೆ, ಕರಿದ ಮೀನು, ಬೇಯಿಸಿದ ಮೊಟ್ಟೆ ತೆಗೆದು ಕೈಯಾರೆ ಬಾಯಿಗಿಡುತ್ತಾರೆ.

"ಕಂಪನಿಗೆ ಎಷ್ಟೋ ಊರಲ್ಲಿ ಅದೇ ರಾತ್ರಿ ಊಟ," ಎಂದು ಎಬೋ ನಗುತ್ತಾರೆ. "ನಾನು ಅಳ್ತಾ ಇದ್ರೆ ಪರದೆ ಹಿಂದಿನಿಂದ ಮಾಸ್ಟರ್ ಪಿಸುಗುಡೋರು, ಇನ್ನೂ ಸ್ವಲ್ಪ ಅಳೋ, ಮೊಟ್ಟೆ ಬಂತು ಮೀನು ಬಂದಿಲ್ಲ ಅಂತ."

ಆಮೇಲೆ ಸೈನ್ಯದವರ ಕರ್ಫ್ಯೂ ಬಂತು. ಕತ್ತಲಾದ ಮೇಲೆ ಮನೆ ಬಿಟ್ಟು ಹೊರಡುವಂತಿಲ್ಲ ಎಂದ ಮೇಲೆ ರಾತ್ರಿ ಆಟಕ್ಕೆ ಬರುವವರು ಯಾರು? ಲಾರಿ ಮಾರಿಹೋಯಿತು, ಮಾಸ್ಟರ್ ಕ್ವಾನ್ಸಾ ಅದೇ ಕೊರಗಿನಲ್ಲಿ ತೀರಿಹೋದರು. ವರ್ಷಗಳ ಮೇಲೆ ಅಕ್ರಾದ ದೊಡ್ಡ ರಂಗಮಂದಿರದಲ್ಲಿ ಒಂದು ಸೋಪಿನ ಕಂಪನಿ ವಾರಾಂತ್ಯದ ಕಾನ್ಸರ್ಟ್ ಶುರುಮಾಡಿದಾಗ ಎಬೋಗೆ ಮತ್ತೆ ಜೀವ ಬಂತು. ಹವಾನಿಯಂತ್ರಿತ ಹಾಲ್, ಮೆತ್ತನೆಯ ಕುರ್ಚಿ. ಆದರೂ ಜನ ಬೈಯುತ್ತಿದ್ದರು, ಎದ್ದು ಬಂದು ತಿನ್ನಿಸುತ್ತಿದ್ದರು. ಸೋಪು ಖರ್ಚಾದ ಮೇಲೆ ಕಂಪನಿಗೆ ಕಾನ್ಸರ್ಟ್ ಬೇಡವಾಯಿತು. ಎಬೋ ಜನರೆದುರು ಕೊನೆಯದಾಗಿ ನಿಂತು ಇಪ್ಪತ್ತು ವರ್ಷವಾಗಿದೆ.

ಉಳಿದದ್ದು ಸಿನಿಮಾ. ಒಂದು ವಾರದೊಳಗೆ ತೆಗೆದು ಮಾರುಕಟ್ಟೆಗೆ ಬಿಡುವ ಕುಮಾಸಿಯ ಸಿನಿಮಾಗಳು. ಮೊದಲ ಚಿತ್ರದಲ್ಲಿ ಬಾಯಿಬಡುಕ ತಾತನ ಒಳ್ಳೆಯ ಪಾತ್ರವೇ ಸಿಕ್ಕಿತ್ತು. ಯಾರದೋ ಮನೆಯಂಗಳದಲ್ಲಿ ಕ್ಯಾಮೆರಾ ಇಟ್ಟರು. ಎಬೋ ಒಂದು ಮಾತು ಹೇಳಿ, ಅಭ್ಯಾಸಬಲದಿಂದ ಜಾಗ ಬಿಟ್ಟರು. ಎದುರಿಗೆ ಕ್ಯಾಮೆರಾ ಮಾತ್ರ ಇತ್ತು, ಅದು ಬೈಯಲಿಲ್ಲ. ಸಹಾಯಕ ನಿರ್ದೇಶಕ, ಮುದುಕರಿಗೆ ಮಾತು ಮರೆತಿದೆ ಎಂದುಕೊಂಡು ಮುಂದಿನ ಸಾಲನ್ನು ಜೋರಾಗಿ ಹೇಳಿಕೊಟ್ಟ. ಮತ್ತೆ ತೆಗೆದರೆ ಮತ್ತೆ ಜಾಗ ಬಿಟ್ಟರು. ಕೊನೆಗೆ ಕತ್ತರಿಸುವವರು ಆ ಜಾಗಗಳನ್ನೆಲ್ಲ ಕತ್ತರಿಸಿ ಮಾತುಗಳನ್ನು ಒಂದಕ್ಕೊಂದು ಅಂಟಿಸಿದರು.

"ಪರದೆ ಮೇಲೆ ನೋಡಿದೆ. ನಾಯಿ ಅಟ್ಟಿಸ್ಕೊಂಡು ಬಂದೋನ ಥರ ಮಾತಾಡ್ತಾ ಇದ್ದೆ. ನನ್ನ ಮಾತು ಇಟ್ಕೊಂಡು ಉಸಿರನ್ನ ಬಿಸಾಕಿದ್ರು," ಎನ್ನುತ್ತಾರೆ ಎಬೋ. ಚಿತ್ರ ಓಡಲಿಲ್ಲ. 'ಆ ಮುದುಕನಿಗೆ ಮಾತು ಕೊಡಬೇಡಿ, ನಡುವೆ ನಿಲ್ಲಿಸಿಬಿಡ್ತಾನೆ' ಎಂಬ ಮಾತು ಮಾತ್ರ ಕುಮಾಸಿಯಲ್ಲೆಲ್ಲ ಓಡಾಡಿತು. ಅಲ್ಲಿಂದಾಚೆಗೆ ಸಿಕ್ಕಿದ್ದೆಲ್ಲ ಬಾಯಿಲ್ಲದ ಪಾತ್ರ. ಗೇಟು ತೆಗೆಯುವ ಕಾವಲುಗಾರ, ಆಸ್ಪತ್ರೆ ಮಂಚದ ರೋಗಿ, ಮಾಟಕ್ಕೆ ಸಿಕ್ಕಿ ನಾಲಿಗೆ ಬಿದ್ದವನು, ಕೊನೆಗೆ ಹೆಣ. ಮೂರು ಸಾವಿರ ಜನರನ್ನು ಒಂದು ಹುಬ್ಬಿನಿಂದ ಸುಮ್ಮನಾಗಿಸಬಲ್ಲ ಮನುಷ್ಯನನ್ನು ಈ ಉದ್ಯಮ ಇಷ್ಟು ವರ್ಷ ಗೇಟು ತೆಗೆಯಲು ಇಟ್ಟುಕೊಂಡಿತ್ತು. ಇದನ್ನು ದುರದೃಷ್ಟ ಎನ್ನುವವರಿದ್ದಾರೆ. ಅದೃಷ್ಟದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವವರನ್ನು ಕಂಡರೆ ಮೈ ಉರಿಯುತ್ತದೆ. ಇದು ಮನುಷ್ಯರು ಮಾಡಿದ ಕೆಲಸ, ಕತ್ತರಿ ಅವರ ಕೈಯಲ್ಲಿತ್ತು.

ಆರು ವಾರದ ಹಿಂದೆ ಟೆಟ್ಟೆ ಜಿನ್ ಬಾಟಲಿ ಹಿಡಿದು ಎಬೋ ಅವರ ಒಂಟಿಕೋಣೆಯ ಮನೆಗೆ ಬಂದರು. ಹಿರಿಯರ ಬಳಿ ಬರಬೇಕಾದ ರೀತಿಯಲ್ಲೇ ಬಂದರು, ಬಾಗಿ ಮಾತಾಡಿದರು. ಹಸಿದವನ ದೃಶ್ಯವನ್ನು ಡಾರ್ಕೋಗೆ ಕಲಿಸಿಕೊಡಬೇಕು ಎಂದರು. ಎಬೋ ಒಪ್ಪಿದರು. ಬದಲಿಗೆ ಕೇಳಿದ್ದು ಒಂದೇ. ಸೀ ವ್ಯೂ ಹಾಲಿನಲ್ಲಿ, ಊರ ಜನರ ಮುಂದೆ, ಆ ದೃಶ್ಯವನ್ನು ತಾನು ಒಂದು ಸಲ ಆಡಬೇಕು.

"ಫಿಲಂನಲ್ಲಿ ಹಾಕ್ಕೊಳ್ಳಿ, ಬಿಡಿ, ಅದು ನಿಮ್ಮಿಷ್ಟ ಅಂದೆ. ಜನರ ಮುಂದೆ ಒಂದ್ಸಲ. ನಾನು ಅದನ್ನ ಮೊದ್ಲು ಆಡಿದ್ದು ಆ ಹಾಲ್‌ನಲ್ಲೇ. ಖಂಡಿತ ಪಾಪಾ ಅಂದ ಆತ. ಬಾಟ್ಲಿ ಬಿಚ್ಚಿ, ತೀರಿಕೊಂಡ ಹಿರಿಯರಿಗೆ ಅಂತ ನೆಲಕ್ಕೆ ಹನಿ ಹಾಕಿ ಹೇಳಿದ ಮಾತು. ನೆಲಕ್ಕೆ ಹನಿ ಬಿದ್ದ ಮೇಲೆ ಯಾರಾದ್ರೂ ತಪ್ತಾರಾ?"

ತಪ್ಪಿದರು. ಮೊನ್ನೆ ಟೆಟ್ಟೆಯ ಸಹಾಯಕಿ ಬಂದು, ವೇಳಾಪಟ್ಟಿಯಲ್ಲಿ ಜಾಗವಿಲ್ಲ, ಆದರೆ ಗುರುವಿನ ಪಾತ್ರ ತಮಗೇ ಮೀಸಲು ಎಂದರು. ಪಾತ್ರ ಯಾವುದೆಂದು ಕೇಳಿದಾಗ ಮಲಗಿದರೆ ಸಾಕು ಎಂದರು. ಎಬೋ ಒಪ್ಪಿದ್ದೇಕೆ? "ಆ ಹಾಲ್ ಒಳಗೆ ಹೋಗೋಕೆ ನನಗೆ ಉಳಿದಿದ್ದ ಬಾಗ್ಲು ಅದೊಂದೇ. ಹೆಣವಾಗಿಯಾದ್ರೂ ಹೋಗೋಣ ಅಂದ್ಕೊಂಡೆ. ಒಂದ್ ಮಾತು, ನನಗೆ ದುಃಖ ಆಗಿದೆ ಅಂತ ಬರೀಬೇಡಿ. ಪೇಪರ್‌ನೋರು ಮುದುಕ್ರನ್ನ ಕಂಡ್ರೆ ದುಃಖ ಅಂತಾನೇ ಬರೀತಾರೆ. ನನಗೆ ಸಿಟ್ಟು ಬಂದಿದೆ. ಹಾಗೇ ಬರ್ಕೊಳ್ಳಿ."

ಹತ್ತು ಗಂಟೆಗೆ ಹಾಲ್ ತುಂಬಿದೆ. ಭಾನುವಾರ ಇಲ್ಲಿ ಪ್ರಾರ್ಥನೆ ನಡೆಯುವುದರಿಂದ ಗೋಡೆಯ ಮೇಲಿನ ದೇವರ ವಾಕ್ಯಗಳಿಗೆಲ್ಲ ಕಪ್ಪು ಬಟ್ಟೆ ಹೊದಿಸಿದ್ದಾರೆ. ರಂಗದ ಮೇಲೆ ಹಿತ್ತಾಳೆ ಮಂಚ, ಕಸೂತಿ ಪರದೆ, ಮಂಚದ ಮೇಲೆ ಬಣ್ಣಬಣ್ಣದ ಕೆಂಟೆ ವಸ್ತ್ರ ಹೊದ್ದು ಬೆರಳಿಗೆಲ್ಲ ಉಂಗುರ ತೊಟ್ಟ ಹೆಣ. ಕೆಳಗೆ ಬೆಂಚುಗಳಲ್ಲಿ, ಸಾವಿನ ಮನೆಗೆ ಉಡುವ ಕೆಂಪು, ಕಪ್ಪು ಬಟ್ಟೆ ಉಟ್ಟ ಹೆಂಗಸರು. ಎಲ್ಲರೂ ಬಂದರಿನವರು, ಮೀನು ಹೊಗೆ ಹಾಕುವವರು, ಕೆಂಕಿ ಮಾರುವವರು. ಗುಟ್ಟು ಹೊರಗೆ ಹೋಗಬಾರದೆಂದು ಬಾಗಿಲಲ್ಲೇ ಎಲ್ಲರ ಫೋನುಗಳನ್ನು ಕಿತ್ತು ಚೀಲಕ್ಕೆ ಹಾಕಿಕೊಂಡಿದ್ದಾರೆ.

ಟೆಟ್ಟೆ ಮೈಕ್ ಹಿಡಿಯುತ್ತಾರೆ. "ಎಲ್ಲರೂ ಕೇಳಿ. ಅಳೋ ಜಾಗದಲ್ಲಿ ಅಳಿ. ಡಾರ್ಕೋ ಹೆಣದ ಪಕ್ಕ ನಿಂತು ಗುರುವಿನ ನೆನಪಿಗೆ ಆಟ ಆಡ್ತಾರೆ. ಆಗ ಯಾರೂ ಬಾಯಿ ಬಿಡಬಾರದು. ನಗು ನಾವು ಆಮೇಲೆ ಸ್ಟುಡಿಯೋದಲ್ಲಿ ಹಾಕ್ಕೋತೀವಿ."

"ಯಾರ ನಗು ಹಾಕ್ತೀಯಪ್ಪ?" ಮಾಮೆ ಅರಬಾ ಮುಂದಿನ ಬೆಂಚಿನಿಂದ ಕೇಳುತ್ತಾರೆ.

"ರೆಕಾರ್ಡ್ ಮಾಡಿದ್ದು ಇದೆ ಮಾಮೆ."

"ಅವರ್ಯಾರಿಗೋ ನಮ್ಮ ಕೋಬಿ ಸಾವಲ್ಲಿ ಏನು ಕೆಲಸ? ನಮಗೇನು ಹಲ್ಲಿಲ್ವಾ?"

ಹಾಲ್ ಗೊಳ್ಳೆನ್ನುತ್ತದೆ. ಟೆಟ್ಟೆ ನಗುವುದಿಲ್ಲ.

ಡಾರ್ಕೋ ರಂಗಕ್ಕೆ ಬರುತ್ತಾರೆ. ಒಳ್ಳೆಯ ನಟರು, ಅದರಲ್ಲಿ ಎರಡು ಮಾತಿಲ್ಲ. ಮಂಡಿ ಎಳೆಯುವ ನಡಿಗೆ ಕೂಡ ಸೊಗಸಾಗಿ ಬಂದಿದೆ. ಬಾಗಿಲೆದುರು ನಿಂತಂತೆ ನಿಂತು, "ಅಮ್ಮಾ, ಒಲೆ ಮೇಲೆ ಏನಿದೆ?" ಎಂದು, ನಿರ್ದೇಶಕರು ಹೇಳಿದಂತೆ ತಡೆಯದೆ ಮುಂದಿನ ಮಾತಿಗೆ ಹೋಗುತ್ತಾರೆ. ಅಷ್ಟರಲ್ಲಿ ಬೆಂಚುಗಳೆಲ್ಲ ಒಟ್ಟಿಗೆ "ನಿನ್ನಪ್ಪನ ಟೋಪಿ!" ಎಂದು ಅರಚಿಬಿಡುತ್ತವೆ. ಕಟ್. ಹೆಂಗಸರು ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾರೆ. ಬೇಕೆಂದು ಮಾಡಿದ್ದಲ್ಲ. ಸೆಕೊಂಡಿಯಲ್ಲಿ ಐವತ್ತು ದಾಟಿದ ಯಾರೂ ಆ ಪ್ರಶ್ನೆ ಕೇಳಿ ಉತ್ತರ ಕೊಡದೆ ಇರಲಾರರು. ಎರಡನೇ ಸಲ ಎಲ್ಲರೂ ತಡೆದುಕೊಂಡರೂ ಹಿಂದಿನ ಸಾಲಿನ ಒಬ್ಬ ಮುದುಕಿಗೆ ತಡೆಯಲಾಗಲಿಲ್ಲ. ಮತ್ತೆ ಕಟ್.

"ಇನ್ನೊಂದ್ಸಲ ಯಾರಾದ್ರೂ ಬಾಯಿ ಬಿಟ್ರೆ ಎಲ್ಲರನ್ನೂ ಆಚೆ ಕಳಿಸಿ ಟಕೊರಾಡಿಯಿಂದ ಬಸ್ಸಲ್ಲಿ ಜನ ತರಿಸ್ತೀನಿ," ಎಂದು ಟೆಟ್ಟೆ ರೇಗುತ್ತಾರೆ. ಕೋಬಿಯನ್ನು ಬಿಟ್ಟು ಹೋಗಲು ಹೆಂಗಸರಿಗೆ ಮನಸ್ಸಿಲ್ಲ. ಮಾಮೆ ಅರಬಾ ಸೆರಗು ಮಡಚಿ ಬಾಯಿಗೆ ತುರುಕಿಕೊಳ್ಳುತ್ತಾರೆ, ಉಳಿದವರೂ ಹಾಗೇ ಮಾಡುತ್ತಾರೆ. ಈ ಜನರ ಬಾಯಿಂದ ಹುಟ್ಟಿದ ಕಲೆಯ ಬಗ್ಗೆ ಸಿನಿಮಾ ತೆಗೆಯಲು ಬಂದವರು ಇದೇ ಜನರ ಬಾಯಿಗೆ ಬಟ್ಟೆ ತುರುಕಿಸಿದ್ದಾರೆ.

ಮೂರನೇ ಸಲ. ಡಾರ್ಕೋ ಬರುತ್ತಾರೆ, ನಿಲ್ಲುತ್ತಾರೆ. "ಅಮ್ಮಾ, ಒಲೆ ಮೇಲೆ ಏನಿದೆ?" ಎನ್ನುತ್ತಾರೆ. ಮುಂದಿನ ಮಾತು ಹೇಳುವುದಿಲ್ಲ. ಬೆಂಚುಗಳನ್ನು ನೋಡುತ್ತಾರೆ. ತಿರುಗಿ ಮಂಚವನ್ನು ನೋಡುತ್ತಾರೆ.

"ಯೋಚ್ನೆ ಮಾಡಿ ಮಾಡಿದ್ದಲ್ಲ," ಎಂದು ಆಮೇಲೆ ಡಾರ್ಕೋ ಹೇಳುತ್ತಾರೆ. "ಪಾಪಾ ಆರು ವಾರ ನನಗೆ ಕಲಿಸಿದ್ದೇ ಅದು. ನಿಲ್ಲಿಸ್ಬೇಕಾದ ಕಡೆ ನಾಲಿಗೆ ತಾನಾಗೇ ನಿಂತುಬಿಡ್ತು."

ಮುಂದುವರಿಸಿ ಎಂದು ಟೆಟ್ಟೆ ಕೈಯಾಡಿಸುತ್ತಿದ್ದಾರೆ. ಆಗ ಹಿತ್ತಾಳೆ ಮಂಚದ ಮೇಲಿಂದ, ಹತ್ತಿ ತುಂಬಿದ ಮೂಗಿನ ದನಿಯೊಂದು ಹಾಲಿನ ಹಿಂದಿನ ಗೋಡೆಯವರೆಗೂ ಮುಟ್ಟುವಂತೆ ಕೇಳುತ್ತದೆ.

"ನಿನ್ನಪ್ಪನ ಟೋಪಿ!"

ಬೆಂಚುಗಳು ಉರುಳುತ್ತವೆ. ಒಬ್ಬಾಕೆ ನಿಜಕ್ಕೂ ಹೆದರಿ ಬಾಗಿಲಿಗೆ ಓಡುತ್ತಾಳೆ, ಉಳಿದವರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದಾರೆ. ಹೆಣ ಎದ್ದು ಕೂತಿದೆ.

"ಕಟ್! ಕಟ್! ಲೆಜೆಂಡ್, ನೀವು ಸತ್ತಿದ್ದೀರಿ!"

"ಸತ್ತೋರಿಗೂ ಹಸಿವಾಗುತ್ತೆ ಸಾಹೇಬ್ರೆ. ಬೆಳಿಗ್ಗೆಯಿಂದ ಬರೀ ಪೌಡರ್ ತಿಂದಿದ್ದೀನಿ."

ಎಬೋ ಮಂಚದಿಂದ ಇಳಿಯುತ್ತಾರೆ, ಕೆಂಟೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟುತ್ತಾರೆ. ಒಂದು ಮೂಗಿನ ಹತ್ತಿ ಬಿದ್ದಿದೆ, ಇನ್ನೊಂದು ಹಾಗೇ ಇದೆ. ಟೆಟ್ಟೆ ಕ್ಯಾಮೆರಾ ನಿಲ್ಲಿಸಲು ಹೇಳುತ್ತಾರೆ, ಲೈಟು ಆರಿಸಲು ಹೇಳುತ್ತಾರೆ. ಹಾಲ್ ಕತ್ತಲಾದಾಗ ಹೆಂಗಸರು ಪಕ್ಕದ ಬಾಗಿಲುಗಳನ್ನೆಲ್ಲ ದಬ್ಬಿ ತೆಗೆಯುತ್ತಾರೆ, ಕಡಲ ಕಡೆಯ ಬಿಸಿಲು ರಂಗದ ಮೇಲೆ ಬಂದು ಬೀಳುತ್ತದೆ. ಡಾರ್ಕೋ ಆಟದ ತಟ್ಟೆಯನ್ನು ಎಬೋ ಕೈಗಿತ್ತು, ಕೆಳಗಿಳಿದು ಮೀನಿನ ಹೆಂಗಸರ ನಡುವೆ ಜಾಗ ಮಾಡಿಕೊಂಡು ಕೂರುತ್ತಾರೆ.

"ಅಮ್ಮಾ, ಒಲೆ ಮೇಲೆ ಏನಿದೆ?"

ಟೋಪಿ ಬಂತು, ಸಾರು ಬಂತು, ಉಪ್ಪು ಬೇಡವಾಯಿತು. ಇಪ್ಪತ್ತು ವರ್ಷ ಕಟ್ಟಿಟ್ಟ ನಗು ಒಮ್ಮೆಗೇ ಹೊರಬಿದ್ದಿದೆ. ಎರಡನೇ ಸಲ ಕೇಳಿದಾಗ ಹಿಂದಿನ ಸಾಲಿನ ಆ ಮುದುಕಿ ಎದ್ದುನಿಂತು ಹೊಸ ಉತ್ತರ ಕೊಡುತ್ತಾರೆ. "ಡೈರೆಕ್ಟರ್ ನಾಲಿಗೆ!"

ಕೋಬಿ ಜಾಗ ಬಿಡುತ್ತಾರೆ. ಟೆಟ್ಟೆಯನ್ನು ಮೇಲಿಂದ ಕೆಳಗೆ ನೋಡುತ್ತಾರೆ. ತಟ್ಟೆ ಹಿಂದೆಳೆದುಕೊಳ್ಳುತ್ತಾರೆ. "ಬೇಡಮ್ಮಾ. ಜಿನ್ ಜೊತೆ ನಮ್ಮನೆಗೆ ಬಂದಾಗ ಮೆತ್ತಗಿತ್ತು. ಈಗ ಬಲಿತುಹೋಗಿದೆ, ನನ್ನ ಹಲ್ಲಿಗೆ ಆಗಲ್ಲ."

ಮೂರನೇ ಸಲ ಯಾರೂ ಬೈಯುವುದಿಲ್ಲ. ಸೋತ ಮಂಡಿ ಮಡಚಿಕೊಂಡು, ಸತ್ತವನ ಬಣ್ಣ ಬಳಿದ ಮುದುಕ ರಂಗದ ಅಂಚಿನಲ್ಲಿ ಕೂತು ಸತ್ತ ತಾಯಿಯ ಹಾಡು ಹಾಡುತ್ತಾರೆ. ಇಷ್ಟೊತ್ತು ನಕ್ಕವರು ಅಳುತ್ತಿದ್ದಾರೆ. ಮಡಿಲು ತಡಕಾಡುತ್ತಾರೆ, ಸಿನಿಮಾಕ್ಕೆಂದು ಉಟ್ಟ ಬಾಡಿಗೆ ಬಟ್ಟೆಯಲ್ಲಿ ಏನಿದ್ದೀತು? ಮಾಮೆ ಅರಬಾ ಸೀದಾ ಯೂನಿಟ್ಟಿನವರ ಮೇಜಿಗೆ ಹೋಗಿ, ಮೇಲಿದ್ದ ಊಟದ ಪೊಟ್ಟಣ ಎತ್ತಿಕೊಳ್ಳುತ್ತಾರೆ. ಅದು ನಿರ್ದೇಶಕರದು ಎಂದು ಯಾರೋ ಕೂಗುತ್ತಾರೆ. "ಆಮೇಲೆ ಸ್ಟುಡಿಯೋದಲ್ಲಿ ಹಾಕ್ಕೊಳ್ಳಿ ಅನ್ನು ಅವರಿಗೆ," ಎನ್ನುತ್ತಾರೆ ಮಾಮೆ. ರಂಗ ಹತ್ತಿ, ಜೊಲೊಫ್ ಅನ್ನವನ್ನು ಕೋಳಿಯ ತುಂಡಿನ ಜೊತೆ ಉಂಡೆ ಕಟ್ಟಿ ಕೋಬಿಯ ಬಾಯಿಗಿಡುತ್ತಾರೆ. ಅವರ ಹಿಂದೆ ಎಲ್ಲ ಪೊಟ್ಟಣಗಳೂ ರಂಗ ಹತ್ತುತ್ತವೆ.

ಇದರಲ್ಲಿ ಒಂದು ಕ್ಷಣವೂ ಚಿತ್ರೀಕರಣವಾಗಿಲ್ಲ. ಕ್ಯಾಮೆರಾ ಗೋಡೆಗೆ ಮುಖ ಮಾಡಿತ್ತು, ಫೋನುಗಳು ಚೀಲದಲ್ಲಿದ್ದವು. ಮಧ್ಯಾಹ್ನದ ಹೊತ್ತಿಗೆ ಮಂಚದ ಮೇಲೆ ಬೇರೆ ಯಾರೋ ಸತ್ತಿದ್ದಾರೆ, ಟಕೊರಾಡಿಯಿಂದ ಬಸ್ಸು ಬಂದಿದೆ. "ಅವರ ಮೇಲೆ ನಮಗೆ ಅಪಾರ ಗೌರವ ಇದೆ. ಆದರೆ ಸಿನಿಮಾಕ್ಕೆ ಒಂದು ಶಿಸ್ತು ಬೇಕಲ್ಲ," ಎನ್ನುತ್ತಾರೆ ಟೆಟ್ಟೆ. ಗೌರವ ಇದೆಯಂತೆ. ಹೆಸರು ಏನೆಂದು ಕೇಳಿದರೆ ಸಹಾಯಕಿಯ ಮುಖ ನೋಡುತ್ತಾರೆ.

ಮುಂದೆ ಆಗುವುದನ್ನು ಈಗಲೇ ಬರೆದಿಡಬಹುದು. ಎಬೋ ಅಕೋನ್ ನಿಜವಾಗಿ ಕಣ್ಣು ಮುಚ್ಚಿದ ದಿನ ಅಕ್ರಾದಿಂದ ಕಾರುಗಳು ಬರುತ್ತವೆ. ಅವರ ಮುಖ ಅಚ್ಚಾದ ಅಂಗಿಗಳು ಬರುತ್ತವೆ, ಬ್ಯಾಂಡು ಬರುತ್ತದೆ, ಮೀನಿನಾಕಾರದ ಬಣ್ಣದ ಶವಪೆಟ್ಟಿಗೆ ಬರುತ್ತದೆ, ಭಾಷಣ ಬರುತ್ತದೆ. ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸುತ್ತಾರೆ. ಬದುಕಿದ್ದಾಗ ಅರೆಗಳಿಗೆ ಸುಮ್ಮನಿರಲು ಬಿಡದವರು ಸತ್ತ ಮೇಲೆ ಇಡೀ ನಿಮಿಷ ಕೊಡುತ್ತಾರೆ.

ಸಂಜೆ ಎಬೋ ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದಾರೆ. ಮಾಮೆ ಅರಬಾ ಒದ್ದೆ ಬಟ್ಟೆಯಿಂದ ಅವರ ಮುಖದ ಬೂದಿಬಣ್ಣ ಒರೆಸುತ್ತಿದ್ದಾರೆ. ಹೋಗುವ ಬರುವವರೆಲ್ಲ ನಿಂತು "ಒಲೆ ಮೇಲೆ ಏನಿದೆ ಪಾಪಾ?" ಎಂದು ಕೇಳಿ, ಬೈಸಿಕೊಂಡು, ಖುಷಿಯಾಗಿ ಹೋಗುತ್ತಿದ್ದಾರೆ. ಬಂದರಿನಿಂದ ಡಾರ್ಕೋ ಒಂದು ಕರಿದ ಮೀನು ಕಟ್ಟಿಸಿಕೊಂಡು ಬಂದು ಕೊಟ್ಟು ಹೋಗಿದ್ದಾರೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಎಬೋ ಮೀನಿನ ಮುಳ್ಳು ಬಿಡಿಸುವುದನ್ನು ನಿಲ್ಲಿಸಿ ಮಾಮೆಯ ಕಡೆ ತಿರುಗುತ್ತಾರೆ.

"ನನ್ನ ನಿಜವಾಗ್ಲೂ ರೆಡಿ ಮಾಡೋಳು ನೀನೇ ತಾನೆ ಅರಬಾ?"

"ನಾನು ಮೊದ್ಲು ಹೋಗ್ದಿದ್ರೆ ನಾನೇ."

"ಹಾಗಿದ್ರೆ ಕೇಳು. ಅವತ್ತು ಮೈ ತೊಳಿ, ಬಟ್ಟೆ ಉಡಿಸು, ಪೌಡರ್ ಹಾಕು. ಹತ್ತಿ ಮಾತ್ರ ಆಗಲೇ ಇಡಬೇಡ. ಕಿವಿ ಹತ್ರ ಬಂದು ಒಂದ್ಸಲ ಕೇಳು, ಅಮ್ಮಾ ಒಲೆ ಮೇಲೆ ಏನಿದೆ ಅಂತ. ಕೇಳಿ ಜಾಗ ಬಿಡು, ಚೆನ್ನಾಗಿ ಬಿಡು, ಅವಸರ ಮಾಡ್ಬೇಡ. ನನ್ನ ಕಡೆಯಿಂದ ಉತ್ತರ ಬರಲಿಲ್ಲ ಅಂದ್ರೆ, ಆಗ ಇಡು ಹತ್ತಿ."